ಜಾರಿದವನ ವ್ರತ

ದೇವರ ಸನ್ನಿಧಿಯಲ್ಲಿ ಧೂಮಪಾನವನ್ನು ತ್ಯಜಿಸಿದವನೊಬ್ಬನು 40ನೆಯ ದಿನ ಜಾತ್ರೆಯ ಸಂದಣಿಯಲ್ಲಿ ಸ್ನೇಹಿತನಿತ್ತ ಬೀಡಿಯನ್ನು ಸೇದಿಬಿಟ್ಟನು. ಅವನ ವ್ರತವು ಭಂಗವಾಯಿತೇ? ಆಯಿತು. ಆದರೆ ‘ಹೇಗೂ ಕೆಟ್ಟಿತು’ ಎಂದು ಕಟ್ಟನ್ನೇ ಕೊಳ್ಳುವುದು ಮೊದಲನೆಯದಕ್ಕಿಂತ ದೊಡ್ಡ ತಪ್ಪು. ಒಂದು ದಿನದ ಖರ್ಚಿನಿಂದ 39 ದಿನಗಳ ಜಮೆಯು ಲೆಕ್ಕದಿಂದ ಅಳಿಯದು.

ನಿಕೋಟಿನ್ನಿನ ಸೆಳೆತವು ಶರೀರಧರ್ಮ. ಒಂದೊಂದು ಸಲವೂ ಕೆಲವೇ ನಿಮಿಷ ಪೀಡಿಸಿ ಇಳಿಯುತ್ತದೆ. ನೀರು ಕುಡಿದು, ನಾಮಸ್ಮರಣೆ ಮಾಡಿ ಅಷ್ಟನ್ನು ದಾಟಬೇಕು. ದೇಹವೂ ಹಗೆ ಸಾಧಿಸದು: ಬೀಡಿ ಆರಿದ 20 ನಿಮಿಷಗಳಲ್ಲೇ ನಾಡಿಯ ವೇಗವು ತಗ್ಗತೊಡಗುತ್ತದೆ.

ಯೋಗದಿಂದ ಜಾರಿದವನ ಗತಿಯೇನೆಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಕೇಳಲು, ಭಗವಂತನು ಅಭಯವನ್ನೇ ಇತ್ತನು. ಮನೆಯವರೂ ಹಂಗಿಸದೆ, ಗೆದ್ದ ದಿನಗಳನ್ನು ನೆನಪಿಸಿ ಧೈರ್ಯ ಹೇಳಲಿ. ಕಲ್ಲೊಂದು ಜಾರಿತೆಂದು ಗುಡಿಯನ್ನು ಯಾರೂ ತೊರೆಯರು. ಅದನ್ನು ಎತ್ತಿಡುವುದೇ ಜೀರ್ಣೋದ್ಧಾರ.