ಕುರುಬನಿಗೂ ಮೈ ಅನ್ನೋದು ಇದೆ



ಬೆಟ್ಟ ಹತ್ತಿ ಬಂದಿದ್ದೀರಿ. ಮೊದಲು ನೆರಳಿಗೆ ಕುಂತು ನೀರು ಕುಡಿಯಿರಿ. ನವದಿನದ ಪ್ರಾರ್ಥನೆ, ಬಲಿಪೂಜೆಯ ವೇಳೆ, ಹರಕೆಯ ವಿವರ ಎಲ್ಲಾ ಈ ಪುಸ್ತಕದ ಬೇರೆ ಪುಟಗಳಲ್ಲಿ ಇವೆ. ಈ ನಾಲ್ಕು ಪುಟ ಮಾತ್ರ, ನಿಮಗೋಸ್ಕರ ಪ್ರಾರ್ಥನೆ ಮಾಡುವ ಗುರುಗಳ ಮತ್ತು ಸಭಾಪಾಲಕರ ಆರೋಗ್ಯದ ಬಗ್ಗೆ. ಬರೆಯುತ್ತಿರುವವನು ಪಂಡಿತನಲ್ಲ. ಪಿಯುಸಿ ಮುಗಿಸಿ ಕ್ಲಾರ್ಕ್ ಕೆಲಸಕ್ಕೆ ಸೇರಿದವನು. ಹಿಂದವಾಡಿಯಿಂದ ವಾರಕ್ಕೆ ಆರು ದಿನ ಬಸ್ಸು ಹಿಡಿದು ಬಂದು, ಕಚೇರಿಯ ಕಿಟಕಿ ಹಿಂದೆ ಕೂತು, ಪೂಜೆ ಬರೆಸುವವರಿಗೆ ರಸೀದಿ ಹರಿದು ಕೊಡುವವನು. ಕಿಟಕಿಯಿಂದ ಕಂಡದ್ದನ್ನೇ ಹೇಳುತ್ತೇನೆ.

ಪ್ರಶ್ನೆ ಇಷ್ಟು. ದೇವರ ಸೇವೆಗೆ ಅಂತ ಪ್ರಾಣ ಒಪ್ಪಿಸಿದವರು ತಮ್ಮ ಮೈ, ತಮ್ಮ ನಿದ್ದೆ, ತಮ್ಮ ಊಟ ಅಂತ ನೋಡಿಕೊಳ್ಳುವುದು ಸ್ವಾರ್ಥವೇ? ಅಥವಾ ಅದೂ ಸೇವೆಯ ಒಂದು ಭಾಗವೇ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಇಲ್ಲಿಗೆ ಬರುವ ಮೊದಲು ಬೇರೊಂದು ಕಡೆ, ಇಂಥದೇ ಕೆಲಸದಲ್ಲಿದ್ದೆ. ಅಲ್ಲಿನ ಗುರುಗಳು ಒಬ್ಬರೇ. ವಯಸ್ಸು ಅರವತ್ತರ ಹತ್ತಿರ, ಬಿ.ಪಿ., ಶುಗರ್ ಎರಡೂ ಇತ್ತು. ಅದು ತಪಸ್ಸುಕಾಲ, ಬೆಳಿಗ್ಗೆ ಆರರಿಂದ ಪಾಪನಿವೇದನೆಗೆ ಸಾಲು. ಮಧ್ಯಾಹ್ನ ಊಟಕ್ಕೆ ಎದ್ದರೆ ಬಾಗಿಲಲ್ಲಿ ಜನ. “ದೂರದಿಂದ ಬಂದೀವ್ರಿ, ಎರಡೇ ನಿಮಿಷ” ಅಂತ ಕೇಳುವರು. ನಾನು ಒಬ್ಬರನ್ನೂ ತಡೆಯಲಿಲ್ಲ. ತಡೆದರೆ ನನ್ನನ್ನು ಬೈಯ್ಯುತ್ತಾರೆ, ಒಳಗೆ ಬಿಟ್ಟರೆ “ಒಳ್ಳೆ ಮನುಷ್ಯ ನೋಡ್ರಿ” ಅನ್ನುತ್ತಾರೆ. ಆ ಹೊಗಳಿಕೆ ನನಗೆ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಒಂದು ಸಂಜೆ ಗುರುಗಳು ಪೂಜಾವಸ್ತ್ರ ಹಾಕಿಕೊಳ್ಳುತ್ತಲೇ ಕುಸಿದರು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, “ಮಧ್ಯಾಹ್ನ ಇವರು ಏನು ಊಟ ಮಾಡಿದ್ರು?” ಉತ್ತರ ನನಗೆ ಗೊತ್ತಿತ್ತು. ಏನೂ ಇಲ್ಲ. ಗುಳಿಗೆ ಮಾತ್ರ ತಗೊಂಡಿದ್ದರು, ಊಟ ಮಾಡಿರಲಿಲ್ಲ. ಅವರು ಉಳಿದರು, ಆದರೆ ಮೊದಲಿನ ಹಾಗೆ ಆಗಲಿಲ್ಲ. ಒಂದು ಕೈ ಮೇಲಕ್ಕೆ ಸರಿಯಾಗಿ ಏಳುತ್ತಿರಲಿಲ್ಲ. ಆಶೀರ್ವಾದ ಕೊಡುವ ಕೈ ಅದು.

ಅವತ್ತಿನಿಂದ ಈ ವಿಷಯದಲ್ಲಿ ಬೈಬಲ್ಲನ್ನು ಬೇರೆ ಕಣ್ಣಿಂದ ಓದಲಿಕ್ಕೆ ಶುರು ಮಾಡಿದೆ. ಪ್ರವಾದಿ ಎಲೀಯನ ಕತೆ ನಿಮಗೆ ಗೊತ್ತು. ಕಾರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ ಸಿಕ್ಕವನು. ಆಮೇಲೆ ರಾಣಿ ಈಜೆಬೆಲಳ ಬೆದರಿಕೆ ಬಂದ ಕೂಡಲೇ ಅಡವಿಗೆ ಓಡಿ, ಗಿಡದ ಬುಡಕ್ಕೆ ಬಿದ್ದು, ಸ್ವಾಮೀ ನನ್ನ ಪ್ರಾಣ ತಗೊಂಡುಬಿಡು ಅಂತ ಬೇಡಿಕೊಳ್ಳುತ್ತಾನೆ. ಇವತ್ತು ಯಾರಾದರೂ ಹಾಗೆ ಅಂದರೆ ನಾವು ಏನು ಹೇಳುತ್ತೇವೆ? “ವಿಶ್ವಾಸ ಕಡಿಮೆ ಆಗಿದೆ, ಪ್ರಾರ್ಥನೆ ಜಾಸ್ತಿ ಮಾಡು” ಅನ್ನುತ್ತೇವೆ. ದೇವದೂತ ಹಾಗೆ ಅನ್ನಲಿಲ್ಲ. ಮಲಗಲು ಬಿಟ್ಟ. ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಉಣ್ಣಿಸಿದ. ಎರಡು ಸಲ ನಿದ್ದೆ, ಎರಡು ಸಲ ರೊಟ್ಟಿ. ಬುದ್ಧಿಮಾತು ಒಂದೂ ಇಲ್ಲ. ಅದರ ಬಲದಿಂದ ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆಯೇ ದೇವರು ಅವನ ಜೊತೆ ಮಾತಾಡಿದ್ದು. ನಮ್ಮ ಉತ್ತರ ಕರ್ನಾಟಕದವರಿಗೆ ರೊಟ್ಟಿಯ ಮಹಿಮೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸ್ವಾಮಿ ಯೇಸು ಕೂಡ ಬಿರುಗಾಳಿಯಲ್ಲಿ ದೋಣಿಯ ಹಿಂಭಾಗದಲ್ಲಿ ತಲೆದಿಂಬು ಇಟ್ಟುಕೊಂಡು ನಿದ್ದೆ ಮಾಡಿದರು. ಜನ ಬಂದು ಹೋಗಿ ಉಣ್ಣಲಿಕ್ಕೂ ಪುರಸೊತ್ತಿಲ್ಲದಾಗ ಶಿಷ್ಯರನ್ನು ಏಕಾಂತಕ್ಕೆ ಕರೆದುಕೊಂಡು ಹೋದರು. ಸಂತ ಪೌಲರು ತಿಮೊಥೆಯನಿಗೆ ಪತ್ರ ಬರೆಯುವಾಗ ಅವನ ಹೊಟ್ಟೆಯ ತೊಂದರೆಯನ್ನೂ ಮರೆಯಲಿಲ್ಲ. ಮೈಯನ್ನು ಪವಿತ್ರಾತ್ಮರ ಗುಡಿ ಎಂದು ಕೊರಿಂಥದವರಿಗೆ ಬರೆದವರೂ ಅವರೇ. ನಮ್ಮ ನಾಡಿನ ಬಸವಣ್ಣನವರು ದೇಹವನ್ನು ಗುಡಿಯಾಗಿ ಕಂಡದ್ದು ಶಾಲೆಯ ಮಕ್ಕಳಿಗೂ ಗೊತ್ತು. ಗುಡಿಯ ಗೋಡೆ ಬಿರುಕು ಬಿಟ್ಟರೆ ನಾವು ಚಂದಾ ಎತ್ತುತ್ತೇವೆ. ಗುಡಿಯೊಳಗಿನ ಮನುಷ್ಯ ಬಿರುಕು ಬಿಟ್ಟರೆ “ಗುರುಗಳು ಯಾಕೋ ಸಿಡಿಮಿಡಿ ಮಾಡ್ತಾರ” ಅನ್ನುತ್ತೇವೆ.

ಹಿಂದವಾಡಿಯಲ್ಲಿ ನಾನು ದಿನಾ ಗುರುದೇವ ರಾನಡೆ ಮಂದಿರದ ಮುಂದೆ ಹಾಯ್ದು ಬರುತ್ತೇನೆ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ರಾ. ದ. ರಾನಡೆಯವರು ದೊಡ್ಡ ತತ್ವಜ್ಞಾನಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಹರೆಯದಲ್ಲೇ ಭಾರಿ ಕಾಯಿಲೆ ಬಿದ್ದು, ಜೀವಮಾನವಿಡೀ ಸೂಕ್ಷ್ಮ ಪ್ರಕೃತಿಯಲ್ಲೇ ಇದ್ದರು. 1957ರಲ್ಲಿ ನಿಂಬಾಳದಲ್ಲಿ ತೀರಿಕೊಳ್ಳುವಾಗ ಎಪ್ಪತ್ತು ದಾಟಿತ್ತು. ಅವರ ಮಾರ್ಗ ಬೇರೆ, ನಮ್ಮದು ಬೇರೆ. ಆದರೂ ಆ ಗೇಟಿನ ಮುಂದೆ ಬಸ್ಸಿಗೆ ನಡೆಯುವಾಗ ಎಷ್ಟೋ ಸಲ ಅನ್ನಿಸಿದೆ: ಗಟ್ಟಿ ಮೈಯ ಎಷ್ಟೋ ಜನ ಮಾಡದ ಕೆಲಸವನ್ನು ನಾಜೂಕು ಮೈಯವರು ಮಾಡಿದ್ದಾರೆ. ಇದ್ದ ಬಲವನ್ನು ಎಲ್ಲಿ ಖರ್ಚು ಮಾಡಬೇಕು ಅನ್ನೋದು ಅವರಿಗೆ ಗೊತ್ತಿತ್ತೋ ಏನೋ.

ಇದನ್ನು ಹೇಳಿದರೆ ನಮ್ಮ ಹಿರಿಯ ಉಪದೇಶಿಯೊಬ್ಬರು ಒಪ್ಪುವುದಿಲ್ಲ. “ಒಳ್ಳೆ ಕುರುಬ ಕುರಿಗೋಸ್ಕರ ಪ್ರಾಣ ಕೊಡಬೇಕಪ್ಪಾ, ಮಧ್ಯಾಹ್ನ ನಿದ್ದೆ ಮಾಡಬೇಕು ಅಂತ ಎಲ್ಲಿ ಬರದದ?” ಅಂತ ಕೇಳುತ್ತಾರೆ. ಅವರ ಮಾತು ಹಗುರ ಅಲ್ಲ. ಸಂತ ಜೋಸೆಫ್ ವಾಜ್ ಅವರನ್ನು ನೋಡಿ. ಗೋವಾದವರು, ನಮ್ಮ ಕನ್ನಡ ಕರಾವಳಿಯಲ್ಲೂ ಸೇವೆ ಮಾಡಿದವರು. 1697ರಲ್ಲಿ ಸಿಲೋನಿನ ಕ್ಯಾಂಡಿಯಲ್ಲಿ ಸಿಡುಬು ಬಂದಾಗ, ಹೆತ್ತವರೇ ಬಿಟ್ಟು ಓಡಿದ ರೋಗಿಗಳನ್ನು ಕೈಯಾರೆ ತೊಳೆದು ಆರೈಕೆ ಮಾಡಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು. ಆ ಸಿಡುಬಿನ ದಿನಗಳಲ್ಲಿ ಅವರು “ನನ್ನ ಆರೋಗ್ಯ” ಅಂತ ಬಾಗಿಲು ಹಾಕಿಕೊಂಡಿದ್ದರೆ ಇವತ್ತು ಯಾರು ನೆನೆಯುತ್ತಿದ್ದರು?

ಹೌದು. ಆದರೆ ಅದು ತೋಳ ಬಂದ ಹೊತ್ತು. ತೋಳ ಬಂದಾಗ ಕುರುಬ ಪ್ರಾಣ ಕೊಡುವುದು ಬೇರೆ. ಹೊಸ ಬೈಕಿಗೆ, ಹೊಸ ಬೋರ್‌ವೆಲ್ಲಿಗೆ, ಅಂಗಡಿಯ ಶಟರಿಗೆ ಆಶೀರ್ವಾದ ಮಾಡುತ್ತಾ ಮಾಡುತ್ತಾ ದಿನಕ್ಕೆ ಒಂದಿಷ್ಟು ಪ್ರಾಣ ಕೊಡುವುದು ಬೇರೆ. ಜೋಸೆಫ್ ವಾಜ್ ಕೂಡ ಎಲ್ಲವನ್ನೂ ತಾವೊಬ್ಬರೇ ಹೊತ್ತುಕೊಳ್ಳಲಿಲ್ಲ, ಗೋವಾದ ಒರಟೋರಿಯನ್ ಗುರುಗಳು ಬಂದು ಅವರ ಜೊತೆ ಸೇರಿಕೊಂಡರು. ಮೋಶೆಗೆ ಅವನ ಮಾವ ಇತ್ರೋ ಹೇಳಿದ್ದೂ ಅದನ್ನೇ ಅಲ್ಲವೇ? ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕೂತು ಎಲ್ಲರ ಜಗಳ ಕೇಳಿದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ, ಬೇರೆಯವರಿಗೆ ಹಂಚು ಎಂದ. ಜನರೂ ಬಳಲುತ್ತಾರೆ ಅನ್ನುವುದನ್ನು ಗಮನಿಸಿ. ದಣಿದ ಗುರುಗಳ ಮುಂದೆ ಮೊಣಕಾಲೂರಿದವನಿಗೆ ಸಿಗುವುದು ದಣಿದ ಕಿವಿ.

ಆರ್ಸ್ ಊರಿನ ಸಂತ ಜಾನ್ ವಿಯಾನಿಯವರು ಎಲ್ಲಾ ಧರ್ಮಕೇಂದ್ರದ ಗುರುಗಳಿಗೆ ಪಾಲಕ ಸಂತರು. 1818ರಲ್ಲಿ ಆ ಹಳ್ಳಿಗೆ ಬಂದು 1859ರಲ್ಲಿ ಸಾಯುವವರೆಗೆ ಅಲ್ಲೇ ಇದ್ದರು. ಜನ ಹೆಚ್ಚಾದ ದಿನಗಳಲ್ಲಿ ಹದಿನಾರು ತಾಸು ಪಾಪನಿವೇದನೆ ಕೇಳುತ್ತಿದ್ದರು, ಬೇಯಿಸಿದ ಆಲೂಗಡ್ಡೆ ತಿಂದುಕೊಂಡು. ಇದನ್ನು ಪ್ರಸಂಗಗಳಲ್ಲಿ ಎಲ್ಲರೂ ಹೇಳುತ್ತಾರೆ. ಅವರು ಒಂದಲ್ಲ, ಹಲವು ಸಲ ಊರು ಬಿಟ್ಟು ಏಕಾಂತಕ್ಕೆ ಓಡಿಹೋಗಲು ನೋಡಿದ್ದನ್ನು, ಯೌವನದಲ್ಲಿ ಮೈಯನ್ನು ಅತಿಯಾಗಿ ದಂಡಿಸಿದ್ದು ಹುಚ್ಚುತನ ಅಂತ ಆಮೇಲೆ ಒಪ್ಪಿಕೊಂಡದ್ದನ್ನು ಹೇಳುವವರು ಕಡಿಮೆ. ಸಂತರಿಗೂ ಓಡಿಹೋಗಬೇಕು ಅನ್ನಿಸುತ್ತದೆ ಅಂದ ಮೇಲೆ ಖಾನಾಪುರದ ಅಡವಿ ದಾರಿಯಲ್ಲಿ, ಆ ಮಳೆಯಲ್ಲಿ, ಭಾನುವಾರ ಮೂರು ಹಳ್ಳಿಗೆ ಬೈಕಿನ ಮೇಲೆ ಹೋಗಿ ಪೂಜೆ ಮಾಡುವ ನಮ್ಮ ಗುರುಗಳಿಗೆ ಅನ್ನಿಸಬಾರದೇ?

ಇನ್ನು ಪೋಪರುಗಳ ಮಾತು. ಜಗದ್ಗುರು ಎರಡನೇ ಜಾನ್ ಪೌಲ್ ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಕೈ ನಡುಗುತ್ತಿದ್ದರೂ ಕಡೇವರೆಗೆ ಪೀಠ ಬಿಡಲಿಲ್ಲ. 2005ರ ಪಾಸ್ಕ ಭಾನುವಾರ ಕಿಟಕಿಗೆ ಬಂದರು, ಮಾತಾಡಲು ನೋಡಿದರು, ಮಾತು ಹೊರಡಲಿಲ್ಲ. ಏಪ್ರಿಲ್ 2ರಂದು ತೀರಿಕೊಂಡರು. ಅವರ ನಂತರ ಬಂದ ಹದಿನಾರನೇ ಬೆನೆಡಿಕ್ಟ್, 2013ರ ಫೆಬ್ರವರಿ 11ರಂದು, ನನ್ನ ಮೈಯ ಮನಸ್ಸಿನ ಬಲ ಈ ಕೆಲಸಕ್ಕೆ ಸಾಲದು ಎಂದು ಹೇಳಿ ರಾಜೀನಾಮೆ ಕೊಟ್ಟರು. ಸುಮಾರು 600 ವರ್ಷಗಳಿಂದ ಯಾವ ಪೋಪರೂ ಹಾಗೆ ಇಳಿದಿರಲಿಲ್ಲ. ಆ ದಿನ ಲೂರ್ದು ಮಾತೆಯ ಹಬ್ಬ, ರೋಗಿಗಳ ವಿಶ್ವ ದಿನ ಬೇರೆ. ಇಬ್ಬರಲ್ಲಿ ಯಾರು ಸರಿ? ನನ್ನ ಮಟ್ಟಿಗೆ, ಇಬ್ಬರೂ ದೇವರ ಮುಂದೆ ಕೂತು ತಮ್ಮ ಮೈಯ ಲೆಕ್ಕ ಪ್ರಾಮಾಣಿಕವಾಗಿ ನೋಡಿದವರು. ಲೆಕ್ಕ ನೋಡದೆ ಸುಮ್ಮನೆ ಖರ್ಚಾಗುವುದನ್ನು ತ್ಯಾಗ ಅಂತ ಕರೆಯಲು ನನಗೆ ಧೈರ್ಯ ಸಾಲದು. ಕ್ಲಾರ್ಕನ ಬುದ್ಧಿ, ಕ್ಷಮಿಸಿ.

ಕಾನೂನೂ ಇದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಧರ್ಮಕೇಂದ್ರದ ಗುರುವಿಗೆ ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ಇದೆ. ಧ್ಯಾನಕೂಟಕ್ಕೆ ಹೋಗುವ ದಿನಗಳು ಅದರಲ್ಲಿ ಸೇರುವುದಿಲ್ಲ. 75 ತುಂಬಿದಾಗ ನಿವೃತ್ತಿ ಕೇಳಿಕೊಳ್ಳಬೇಕು. ಪೂರ್ತಿ ತಿಂಗಳು ರಜೆ ತಗೊಂಡ ಗುರುಗಳನ್ನು ನಾನು ನೋಡಿದ್ದು ಕಡಿಮೆ. ಹೋದರೂ “ಹೊಸ ಗುರುಗಳು ಊರಾಗ ಇರೋದೇ ಇಲ್ಲ” ಅಂತ ಮಾತು ಬರುತ್ತದೆ.

ಪ್ರೊಟೆಸ್ಟೆಂಟ್ ಸಭೆಗಳ ಪಾಸ್ಟರರ ಪಾಡು ಇನ್ನೊಂದು ತರಹ. ಬೆಳಗಾವಿಗೆ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಂದದ್ದು 1820ರಲ್ಲಿ, ಆ ಕೆಲಸ ಮೆಥೊಡಿಸ್ಟರ ಕೈಗೆ ಹೋದದ್ದು 1904ರಲ್ಲಿ. ದೊಡ್ಡ ಸಭೆಗಳಲ್ಲಿ ಸಂಬಳ, ವರ್ಗಾವಣೆ, ಒಂದು ವ್ಯವಸ್ಥೆ ಅಂತ ಇರುತ್ತದೆ. ಬಾಡಿಗೆ ಖೋಲಿಯಲ್ಲಿ ಸಭೆ ನಡೆಸುವ ಸಣ್ಣ ಪಾಸ್ಟರರಿಗೆ ಪಿಂಚಣಿ ಎಲ್ಲಿ? ಹೆಂಡತಿ ಮಕ್ಕಳಿದ್ದಾರೆ, ರಾತ್ರಿ ಹನ್ನೆರಡಕ್ಕೆ ಫೋನ್ ಬರುತ್ತದೆ, ಆಸ್ಪತ್ರೆಗೆ ಓಡಬೇಕು. ಅವರ ಮನೆಯ ಅಮ್ಮನವರು ಒಬ್ಬರು ನನ್ನ ಹೆಂಡತಿಗೆ ಹೇಳಿದ್ದು, “ಎಲ್ಲಾರ ಮಕ್ಕಳಿಗೂ ಇವರು ಪ್ರಾರ್ಥನೆ ಮಾಡ್ತಾರ್ರಿ ಅಕ್ಕಾರ, ನಮ್ಮ ಹುಡುಗನ ಪರೀಕ್ಷೆ ಯಾವಾಗ ಅಂತ ಇವರಿಗೆ ಗೊತ್ತಿಲ್ಲ.”

ಗುರುಗಳಿಗೆ ಹೆಂಡತಿ ಮಕ್ಕಳ ಚಿಂತೆ ಇಲ್ಲ ನಿಜ. ಆದರೆ ರಾತ್ರಿ “ಊಟ ಆಯ್ತೇನ್ರಿ?” ಅಂತ ಕೇಳುವವರೂ ಇಲ್ಲ. ಜನ ಬಂದು ಹೇಳಿದ ಪಾಪ, ಕಣ್ಣೀರು, ಮನೆಮುರುಕ ಕತೆಗಳನ್ನು ಯಾರ ಹತ್ತಿರವೂ ಬಿಚ್ಚುವ ಹಾಗಿಲ್ಲ. ಆ ಭಾರ ಎಲ್ಲಿಗೆ ಹೋಗುತ್ತದೆ? ನಿದ್ದೆಗೆಡುತ್ತದೆ, ಸಿಟ್ಟಾಗುತ್ತದೆ, ಕೆಲವರಲ್ಲಿ ಕುಡಿತವೂ ಆಗುತ್ತದೆ. ಇದನ್ನು ಮುಚ್ಚಿಟ್ಟು ಯಾರಿಗೂ ಪ್ರಯೋಜನವಿಲ್ಲ. ಮನಸ್ಸಿನ ಡಾಕ್ಟರ ಹತ್ತಿರ ಹೋಗುವುದು ವಿಶ್ವಾಸದ ಸೋಲು ಅಲ್ಲ, ಸಕ್ಕರೆ ಕಾಯಿಲೆಗೆ ಹೋದ ಹಾಗೆಯೇ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2022ರಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಗುರುಗಳು, ಪಾಸ್ಟರರು ಯಾರಾದರೂ ಈ ಪುಟ ಓದುತ್ತಿದ್ದರೆ ಗುರುತು ಮಾಡಿಕೊಳ್ಳಿ.

ಭಕ್ತರಾದ ನಮ್ಮ ಪಾಲೂ ಇದೆ. ಮನೆ ಆಶೀರ್ವಾದದ ದಿನ ಒಂದು ಸಂಜೆ ಹನ್ನೊಂದು ಮನೆ. ಹನ್ನೊಂದು ಕಡೆ ಚಹಾ, ಹನ್ನೊಂದು ಕಡೆ ಕುಂದಾ. “ಸ್ವಲ್ಪರೆ ತಿನ್ರಿ ಫಾದರ್, ಇಲ್ಲಾಂದ್ರ ಮನಸ್ಸಿಗೆ ಬ್ಯಾಸರಾಗ್ತದ.” ಬೇಡ ಅಂದರೆ ಬಡವರ ಮನೆಯಲ್ಲಿ ತಿನ್ನಲಿಲ್ಲ ಅನ್ನುವ ಅಪವಾದ. ನಮ್ಮ ಬೆಳಗಾವಿಯ ಕುಂದಾ ಜಗತ್ತಿಗೇ ಒಳ್ಳೆಯದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪ್ರೀತಿಗೆ ಬೇರೆ ರುಚಿಯೂ ಇರಬಹುದಲ್ಲ. ಎರಡು ರೊಟ್ಟಿ, ಮಡಕಿಕಾಳಿನ ಪಲ್ಯ ಕೊಟ್ಟು ನೋಡಿ.

ಈಗ ಕಷ್ಟದ ಮಾತು ಹೇಳಬೇಕು. ಆ ಗುರುಗಳು ಕುಸಿದ ಮೇಲೆ ನಾನು ಉಲ್ಟಾ ಆದೆ. ಹೊಸ ಗುರುಗಳು ಬಂದ ಮೇಲೆ ಮಧ್ಯಾಹ್ನದ ವೇಳೆಗೆ ನಾನೇ ಕಾವಲು. ಯಾರನ್ನೂ ಬಿಡಲಿಲ್ಲ. ಒಂದು ದಿನ ಮೂರು ಗಂಟೆಗೆ ಒಬ್ಬ ಹುಡುಗ ಬಂದ, ಬಿಸಿಲಲ್ಲಿ ಬೆವತಿದ್ದ. “ಫಾದರ್ ಬೇಕಾಗಿತ್ರಿ” ಅಂದ. “ನಾಲ್ಕಕ್ಕೆ ಬಾ” ಅಂದೆ. ಅವನು ಏನೋ ಹೇಳಲು ಬಾಯಿ ತೆಗೆದ, ನನ್ನ ಮುಖ ನೋಡಿ ಸುಮ್ಮನಾದ. ನಾಲ್ಕಕ್ಕೆ ಬರಲಿಲ್ಲ. ಮಾರನೇ ದಿನ ಗೊತ್ತಾಯ್ತು, ಅವನ ತಂದೆ ಆ ಸಂಜೆ ತೀರಿಕೊಂಡಿದ್ದರು, ಕೊನೆಯ ಅಭ್ಯಂಗ ಇಲ್ಲದೆ. ಗುರುಗಳಿಗೆ ಹೇಳಿದೆ. ಅವರು ಬೈಯ್ಯಲಿಲ್ಲ. “ನೀ ಕೇಳಬೇಕಾಗಿತ್ತು” ಅಂದರು, ಅಷ್ಟೇ. ಇಬ್ಬರೂ ಆ ಮನೆಗೆ ಹೋದೆವು. ಹುಡುಗನ ತಾಯಿ ನಮಗೆ ಚಹಾ ಮಾಡಿಕೊಟ್ಟಳು. ಅವತ್ತು ಗುರುಗಳು ಸಕ್ಕರೆ ಹಾಕಿದ ಚಹಾವನ್ನೇ ಕುಡಿದರು.

ಆದ್ದರಿಂದ ಇದಕ್ಕೆ ಒಂದು ನಿಯಮ ಬರೆದು ಗೋಡೆಗೆ ಹಚ್ಚಿ ಕೈತೊಳೆದುಕೊಳ್ಳಲು ಆಗುವುದಿಲ್ಲ ಅಂತ ನನಗೆ ಗೊತ್ತಾಗಿದೆ. ಬಾಗಿಲು ತೆರೆದೇ ಇಟ್ಟರೂ ಪಾಪ ತಗಲುತ್ತದೆ, ಮುಚ್ಚಿದರೂ ತಗಲುತ್ತದೆ. ನಡುವೆ ಯಾರಾದರೂ ಎಚ್ಚರ ಇರಬೇಕು, ಕೇಳಬೇಕು. ಗುರುಗಳು ಮಲಗಿದ ಹೊತ್ತು ಎಚ್ಚರ ಇರುವುದು ಉಳಿದವರ ಪಾಳಿ.

ಈ ಬೆಟ್ಟದಲ್ಲಿ ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ಗುರುಗಳ ಬಾಗಿಲು ಮುಚ್ಚಿರುತ್ತದೆ. ಕಚೇರಿಯ ಕಿಟಕಿ ತೆಗೆದಿರುತ್ತದೆ. ಬಂದವರಿಗೆ ನಾನು ಕೇಳುವ ಮೊದಲ ಮಾತು, “ಯಾರಿಗಾದರೂ ಜೀವಕ್ಕೆ ಆಗಿದೇನ್ರಿ?” ಹೌದು ಅಂದರೆ ನಾನೇ ಹೋಗಿ ಎಬ್ಬಿಸುತ್ತೇನೆ, ಎಷ್ಟು ಹೊತ್ತಾದರೂ. ಇಲ್ಲ ಅಂದರೆ ಹೊರಗೆ ಮರದ ಕೆಳಗೆ ಬೆಂಚು ಇದೆ, ಕುಂತುಕೊಳ್ಳಿ, ಜಪಸರ ಮಾಡಿ. ಹಾಗೆ ಕುಂದಾ ತಂದಿದ್ದರೆ ಕಚೇರಿಯಲ್ಲಿ ಕೊಡಿ. ನನಗೆ ಇನ್ನೂ ಶುಗರ್ ಬಂದಿಲ್ಲ.