ಕೆಂಪು ನೀರಿನಲ್ಲಿ ಜೀವ ಯಾವುದು, ಜಡ ಯಾವುದು

ರಾಯಚೂರು ನಗರದ ನಲ್ಲಿಗಳಿಗೆ ನೀರು ಬರುವುದು ಕೃಷ್ಣೆಯಿಂದ, ತುಂಗಭದ್ರೆಯಿಂದ. ಮಳೆಗಾಲ ಹಿಡಿದರೆ ಎರಡೂ ಕೆಂಪಗೆ ಕದಡುತ್ತವೆ. ತುಂಗಭದ್ರಾ ಜಲಾಶಯದ 133 ಟಿಎಂಸಿ ಸಾಮರ್ಥ್ಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಕೆಲವು ವರ್ಷ ಅಲ್ಲಿನ ನೀರು ಪಾಚಿಗಟ್ಟಿ ಹಸಿರಾಗುವುದೂ ಉಂಟು.

ಕದಡಿದ ನೀರಿಗೆ ಚಿಲ್ಲದ ಬೀಜ ತೇಯ್ದು ಹಾಕಿದರೆ ಕೆಸರು ತಳಕ್ಕಿಳಿಯುತ್ತದೆ. ಶಂಕರರ ಹೆಸರಿನಲ್ಲಿರುವ ‘ಆತ್ಮಬೋಧ’ದಲ್ಲಿ ಇದೇ ದೃಷ್ಟಾಂತ: ಅಜ್ಞಾನವನ್ನು ಕಳೆದ ಜ್ಞಾನ, ಆ ಬೀಜದ ಪುಡಿಯಂತೆ ತಾನೂ ಇಲ್ಲವಾಗುತ್ತದೆ. ಅಲ್ಲಿ ಬೇಕಾದ್ದು ತಿಳಿನೀರು. ಕೆಸರಿನಲ್ಲಿ ಏನೇನಿತ್ತೆಂಬ ವಿಚಾರಣೆ ಯಾರಿಗೂ ಬೇಡ.

ರಾಯಚೂರು ಸೀಮೆಯ ಹರಿದಾಸರು ಅಷ್ಟು ಸುಲಭಕ್ಕೆ ಬಿಡುವವರಲ್ಲ. ಚೀಕಲಪರವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಮೂವರೂ ಮಧ್ವಮತದವರು. ದೇವರು, ಜೀವ, ಜಡಗಳ ನಡುವೆ ಐದು ಭೇದಗಳನ್ನು ಒಪ್ಪಿದವರು. ಜೀವಕ್ಕೂ ಜಡಕ್ಕೂ ಇರುವ ಭೇದ ಅವುಗಳಲ್ಲೊಂದು.

ನೀರಿನಲ್ಲಿ ತೇಲುವ ಕಣಗಳು ಎಷ್ಟು ಬೆಳಕು ಹೀರುತ್ತವೆ ಎಂದು ಅಳೆಯುವವರದೂ ಜೀವ ಯಾವುದು, ಜಡ ಯಾವುದು ಎಂಬ ಇದೇ ವಿಚಾರಣೆ. ನೀರನ್ನು ಗಾಜಿನ ನಾರಿನ ತೆಳು ಫಿಲ್ಟರಿನಲ್ಲಿ ಸೋಸುತ್ತಾರೆ. ಅದರ ಮೇಲೆ ಉಳಿದ ಕಣಗಳ ಮೂಲಕ ನೀಲಿಯಿಂದ ಕೆಂಪಿನವರೆಗೆ, ಅಂದರೆ 400ರಿಂದ 700 ನ್ಯಾನೊಮೀಟರ್ ಅಲೆಯ ಬೆಳಕು ಹಾಯಿಸುತ್ತಾರೆ. ಫಿಲ್ಟರಿನೊಳಗೆ ಬೆಳಕು ಚದುರಿ ಸುತ್ತಿ ಬರುವುದರಿಂದ ಹೀರಿಕೆ ಇದ್ದದ್ದಕ್ಕಿಂತ ಹೆಚ್ಚೆಂದು ತೋರುತ್ತದೆ, ಅದನ್ನು ತಿದ್ದಬೇಕು. ಆಮೇಲೆ ಮೆಥನಾಲ್ ಸುರಿದು ಪಾಚಿಯ ಬಣ್ಣ ತೆಗೆದು, ಮತ್ತೊಮ್ಮೆ ಅಳೆಯುತ್ತಾರೆ. 1985ರಲ್ಲಿ ಕಿಶಿನೊ ಮತ್ತು ಸಂಗಡಿಗರು ತೋರಿಸಿದ ದಾರಿ ಇದು. ಮೊದಲ ಅಳತೆಯಲ್ಲಿ ಎರಡನೆಯದನ್ನು ಕಳೆದರೆ ಸಿಗುವುದು ಪಾಚಿಯ ಪಾಲು. ಪಾಚಿಯ ಲೆಕ್ಕ ಸಿಗುವ ಹೊತ್ತಿಗೆ ಪಾಚಿ ಸತ್ತಿರುತ್ತದೆ, ಅದು ಬೇರೆ ಮಾತು.

ಇಲ್ಲಿ ಎದುರುವಾದಿ ಕೇಳಬಹುದು: ಕಳೆದು ಪಡೆದ ಭೇದ ನೀರಿನದೋ, ಲೆಕ್ಕದ್ದೋ? ಭೇದವೆಂಬುದು ವಸ್ತುವಿನ ಸ್ವರೂಪವೇ, ವಸ್ತುವನ್ನು ಕಂಡಾಗಲೇ ಅದೂ ಕಾಣುತ್ತದೆ ಎನ್ನುವುದು ಮಾಧ್ವರ ನಿಲುವು. ಬೆಳಕಿನ ಹೀರಿಕೆ ಅಳೆಯುವ ಯಂತ್ರ ಬರೆದ ಗೆರೆ ಅವರ ಪರ ಸಾಕ್ಷಿ ನುಡಿಯುತ್ತದೆ. ಮಣ್ಣು ನೀಲಿಯನ್ನು ಹೆಚ್ಚು ಹೀರುತ್ತದೆ, ಕೆಂಪಿನತ್ತ ಹೋದಂತೆ ಅದರ ಹೀರಿಕೆ ಇಳಿಯುತ್ತಾ ಹೋಗುತ್ತದೆ. ಪಾಚಿ ಹಾಗಲ್ಲ, 675 ನ್ಯಾನೊಮೀಟರಿನ ಆಸುಪಾಸಿನಲ್ಲಿ ಮತ್ತೆ ತಲೆಯೆತ್ತುತ್ತದೆ. ಮೆಥನಾಲ್ ಸುರಿಯುವ ಮೊದಲೇ, ಇನ್ನೂ ಏನನ್ನೂ ಕಳೆಯದಿರುವಾಗಲೇ, ಆ ಉಬ್ಬು ಗೆರೆಯಲ್ಲಿರುತ್ತದೆ. ಎಷ್ಟು ಎಂಬುದಷ್ಟೇ ಕಳೆಯುವಿಕೆಯಿಂದ ಬಂದದ್ದು.

ವಾದ ಇಲ್ಲಿಗೆ ಗೆದ್ದಿತೆಂದರೆ ದಾಸರೇ ಒಪ್ಪಲಾರರು. ಕ್ಲೋರೊಫಿಲ್ ಎಂಬ ಹಸಿರು ಬಣ್ಣವೂ ಅವರ ಲೆಕ್ಕದಲ್ಲಿ ಜಡವೇ. ಅದನ್ನು ಹೊತ್ತ ಜೀವ ಫಿಲ್ಟರಿಗೆ ಸಿಕ್ಕುವಂಥದ್ದಲ್ಲ. ಹಾಗಾದರೆ ಯಂತ್ರ ಹಿಡಿದದ್ದು ಐದರಲ್ಲಿ ಇನ್ನೊಂದನ್ನು, ಜಡಕ್ಕೂ ಜಡಕ್ಕೂ ನಡುವಿನ ಭೇದವನ್ನು. ಪ್ರಯೋಗಾಲಯದವರಿಗೂ ಇದರಲ್ಲಿ ತಕರಾರಿಲ್ಲ: ಅವರು ಬರೆದುಕೊಳ್ಳುವುದು ಪಾಚಿಯ ಹೀರಿಕೆ, ಪಾಚಿಯಲ್ಲದ ಕಣಗಳ ಹೀರಿಕೆ ಎಂಬ ಎರಡು ಸಂಖ್ಯೆಗಳನ್ನು, ಮೀಟರಿಗೆ ಇಷ್ಟೆಂದು.