ಮೂರೇ ಕಾಲಿನ ಮೊಲ

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆಯನ್ನು ಹಟಮಾರಿಗಳ ಮೇಲೆ ಎಸೆದು ಸುಮ್ಮನಾಗುತ್ತೇವೆ. ಮೊಲ ಹಿಡಿದವನು ಬೇಟೆಗಾರ ಎಂಬುದು ಯಾರಿಗೂ ನೆನಪಾಗುವುದಿಲ್ಲ. ಬೇಟೆಯ ನ್ಯಾಯ ಅನ್ಯಾಯದ ಮಾತು ಎದ್ದಾಗ ಮಾತ್ರ ಗಾದೆ ತವರಿಗೆ ಬಂದಂತಾಗುತ್ತದೆ.

ಮಲೆನಾಡಿನ ಜಗಲಿಗಳಲ್ಲಿ ಈ ವಾದ ಬಗೆಹರಿದದ್ದೇ ಇಲ್ಲ. ನಾಯಿ ಬಿಟ್ಟು ಹಳು ಸೋವಿ ಪ್ರಾಣಿ ಎಬ್ಬಿಸುವವನಿಗೆ ಮರಸು ಕೂರುವವನು ಹೇಡಿ. ಹಣ್ಣು ತಿನ್ನಲು ಬಂದ ಪ್ರಾಣಿಯನ್ನು ಕತ್ತಲಲ್ಲಿ ಅಡಗಿ ಹೊಡೆಯುವುದೂ ಒಂದು ಗಂಡಸುತನವೇ? ಮರಸಿನವನ ಉತ್ತರವೂ ಬಾಯಲ್ಲೇ ಇದೆ: ನಾಯಿಗೆ ಬೆದರಿ ಓಡುವ ಹಂದಿಗೆ ಗುರಿ ಎಲ್ಲಿ ಸಿಕ್ಕೀತು? ಹೊಟ್ಟೆಗೆ ಈಡು ತಿಂದು ಹಳುವಿಗೆ ನುಗ್ಗಿ ದಿನಗಟ್ಟಲೆ ನರಳಿ ಸಾಯುತ್ತದೆ. ನಾನು ನಿಂತದ್ದರ ಎದೆಗೇ ಹೊಡೆಯುತ್ತೇನೆ, ಒಂದೇ ಈಡು. ಇಬ್ಬರೂ ಒಂದಾಗುವುದು ಉರುಳಿನವನನ್ನು ಬೈಯುವಾಗ. ಅವನೇನು ಕಮ್ಮಿ? ‘ನಿಮ್ಮದು ಮೋಜು, ನನ್ನದು ಗದ್ದೆ ಕಾಯುವ ಪಾಡು’ ಎನ್ನುತ್ತಾನೆ.

ಮೂರು ಕಾಲಿನ ಮೊಲ ಇರಲಾರದು ಎಂದುಕೊಂಡು ಗಾದೆ ನಗುತ್ತದೆ. ಉರುಳು ಕಂಡವರಿಗೆ ಆ ನಗು ಬಾರದು. ಉರುಳಿಗೆ ಕಟ್ಟಿದ ಬೈಕಿನ ಹಳೇ ಕ್ಲಚ್ ವೈರು ಕೊಸರಿದಷ್ಟೂ ಬಿಗಿಯುತ್ತದೆ, ತೊಗಲು ಸೀಳಿ ಮೂಳೆಗೆ ಇಳಿಯುತ್ತದೆ. ಕಾಲನ್ನು ಅಲ್ಲೇ ಕಳೆದುಕೊಂಡು ಪಾರಾಗುವ ಪ್ರಾಣಿಗಳುಂಟು. ಹಂದಿಗೆಂದು ಒಡ್ಡಿದ್ದಕ್ಕೆ ಕಾಫಿ ತೋಟದಲ್ಲಿ ಚಿರತೆ ಬೀಳುತ್ತದೆ.

ಈ ಜಗಳ ಪುರಾಣದಷ್ಟು ಹಳೆಯದು. ಮರೆಯಿಂದ ಹೊಡೆದೆ ಎಂದು ವಾಲಿ ಮೂದಲಿಸಿದಾಗ ವಾಲ್ಮೀಕಿಯ ರಾಮ ಕೊಡುವ ಸಮಾಧಾನಗಳಲ್ಲಿ ಒಂದು ಅಪ್ಪಟ ಬೇಟೆಗಾರನದು: ಬಲೆ ಬೀಸಿ, ಉರುಳೊಡ್ಡಿ, ಮರೆಯಲ್ಲಿ ನಿಂತು, ಓಡುವ ಮೃಗವನ್ನೂ ನೆಮ್ಮದಿಯಾಗಿ ನಿಂತ ಮೃಗವನ್ನೂ ಕೊಲ್ಲುತ್ತಾರೆ, ಅದರಲ್ಲಿ ದೋಷವಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಪಾಂಡುವಿನ ವಾದವೂ ಹೆಚ್ಚುಕಡಿಮೆ ಇದೇ. ಆದರೆ ಅಲ್ಲಿ ಬಾಣ ತಿಂದ ಜಿಂಕೆಗೂ ಬಾಯಿದೆ. ಜಿಂಕೆಯಾಗಿ ಕೂಡಿದ್ದ ಕಿಂದಮ ಋಷಿ ಬೇಟೆಯೇ ತಪ್ಪು ಎನ್ನುವುದಿಲ್ಲ. ಕೂಟ ಮುಗಿಯುವ ತನಕವಾದರೂ ಕಾಯಬಾರದಿತ್ತೇ ಎಂದು ಕೇಳುತ್ತಾನೆ. ಜಗಲಿಯ ಎಲ್ಲ ವಾದಗಳಿಗಿಂತ ಇದು ತೂಕದ್ದು ಎಂದೇ ನನ್ನ ಎಣಿಕೆ. ಬಿಲ್ಲೋ ಬಲೆಯೋ ಎಂಬುದು ಅವನಿಗೆ ಬೇಕಿರಲಿಲ್ಲ. ಪ್ರಾಣಿ ಆ ಗಳಿಗೆಯಲ್ಲಿ ಏನು ಮಾಡುತ್ತಿತ್ತು ಎಂಬುದಷ್ಟೇ ಪ್ರಶ್ನೆ. ಶಿಕಾರಿಗಳು ತಮ್ಮ ತಮ್ಮ ಹತ್ಯಾರದ ಕಡೆಯಿಂದ ನ್ಯಾಯ ಅಳೆಯುತ್ತಾರೆ. ಅವನು ಸಾಯುವವನ ಕಡೆಯಿಂದ ಅಳೆದ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಮೊದಲು ಪರವಾನಗಿ ಇದ್ದವರಿಗೆ ಬೇಟೆಯಾಡಲು ಬಿಟ್ಟಿತ್ತು, ಕಟ್ಟಳೆಗಳೊಡನೆ: ವಾಹನದಿಂದ ಹೊಡೆಯಬಾರದು, ವಿಷ, ಸಿಡಿಮದ್ದು, ಉರುಳು ಕೂಡದು, ಉಪ್ಪುನೆಲದಲ್ಲಿ, ನೀರಿಗೆ ಬಂದಲ್ಲಿ ಕಾಯಕೂಡದು. ನಾಯಿಯ ನೆರವು ನೀರಹಕ್ಕಿ, ಕೌಜುಗಗಳಂಥ ಹಕ್ಕಿಗಳಿಗೆ ಮಾತ್ರ. ಜಗಲಿಯ ಮೂವರಿಗೂ ಒಂದೊಂದು ಪೆಟ್ಟು ಬಿತ್ತು. 1991ರ ತಿದ್ದುಪಡಿಯಲ್ಲಿ ಬೇಟೆಯ ಪರವಾನಗಿಯೇ ಹೋಯಿತು. ಸೋವಿನವರೂ ಮರಸಿನವರೂ ಈಗ ಹೆಚ್ಚಾಗಿ ಹಳೆಯ ಶಿಕಾರಿ ಕಥೆಗಳಲ್ಲಿ ವಾದ ಮಾಡುತ್ತಾರೆ. ಉರುಳಿನವನು ವಾದಕ್ಕೆ ಬಾರದೆ ವೈರು ಕಟ್ಟುತ್ತಲೇ ಇದ್ದಾನೆ.